ಎಡಪುಟದಲ್ಲಿ ಮಕ್ಕಳು, ಬಲಪುಟದಲ್ಲಿ ಕೈಗಳು: ಸಣ್ಣ ವಿಶೇಷ ಶಾಲೆಯ ಅಡ್ಮಿಷನ್ ಮತ್ತು ಸಿಬ್ಬಂದಿ ಲೆಕ್ಕ

ಕೆಂಗೇರಿ ಉಪನಗರದಲ್ಲಿ ಒಂದು ಬಾಡಿಗೆ ಮನೆ. ಕೆಳಗೆ ನಾಲ್ಕು ಕೋಣೆ, ಮೇಲೆ ಎರಡು, ಹಿಂದೆ ಬಟ್ಟೆ ಒಗೆಯುವ ಕಲ್ಲು, ಮುಂದೆ ಒಂದು ಸಂಪಿಗೆ ಮರ. ಇದೇ ನಮ್ಮ ಶಾಲೆ. 24 ಮಕ್ಕಳಿದ್ದಾರೆ. ಆಟಿಸಂ ಇರುವವರು, ಡೌನ್ ಸಿಂಡ್ರೋಮ್ ಇರುವವರು, ಬುದ್ಧಿ ಬೆಳವಣಿಗೆ ನಿಧಾನ ಇರುವವರು, ಸೆರೆಬ್ರಲ್ ಪಾಲ್ಸಿ ಇರುವ ಮೂವರು. ಹದಿನಾರು ವರ್ಷದಿಂದ ಇಲ್ಲಿದ್ದೇನೆ, ಮೊದಲು ಟೀಚರ್, ಈಗ ಎಚ್.ಎಂ. ಸಣ್ಣ ಶಾಲೆಯ ಎಚ್.ಎಂ. ಅಂದರೆ ಅಡ್ಮಿಷನ್ ಮಾಡುವವಳೂ ಅವಳೇ, ಸಂಬಳ ಹಂಚುವವಳೂ ಅವಳೇ, ಆಯಮ್ಮ ಬರದ ದಿನ ಮಕ್ಕಳ ಚಡ್ಡಿ ಬದಲಾಯಿಸುವವಳೂ ಅವಳೇ.

ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. "ಮೇಡಂ, ನಾವೂ ಒಂದು ಸಣ್ಣ ಶಾಲೆ ಶುರು ಮಾಡೋಣ ಅಂತ ಇದ್ದೀವಿ. ಎಷ್ಟು ಮಕ್ಕಳನ್ನು ತಗೋಬಹುದು?" ಕೇಳಿದ ಕೂಡಲೇ ಕೋಣೆ ಎಷ್ಟು ಅಡಿ, ಎಷ್ಟು ಕುರ್ಚಿ ಹಿಡಿಯುತ್ತದೆ ಅಂತ ಅವರೇ ಹೇಳಲು ಶುರು ಮಾಡುತ್ತಾರೆ. ಕುರ್ಚಿ ಬಿಡಿ. ಯಾವುದೋ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಒಬ್ಬ ಟೀಚರ್ ರಜೆ. ಆಗ ನಿಮ್ಮ ಶಾಲೆಯಲ್ಲಿ ಎಷ್ಟು ಜೊತೆ ಕೈ ಖಾಲಿ ಇರುತ್ತದೆ? ಅಷ್ಟೇ ನಿಮ್ಮ ಸೀಟು.

ಈ ಬುದ್ಧಿ ನನಗೆ ಸುಮ್ನೆ ಬರಲಿಲ್ಲ. ಎಚ್.ಎಂ. ಆದ ಮೂರನೇ ವರ್ಷ ಬಾಡಿಗೆ ಏರಿತು. ಜೂನ್‌ನಲ್ಲಿ ಒಂದೇ ಏಟಿಗೆ ಐದು ಮಕ್ಕಳನ್ನು ಸೇರಿಸಿಕೊಂಡೆ. ಕುರ್ಚಿ ಇತ್ತಲ್ಲ! ಜುಲೈ ಕೊನೆಗೆ ಒಬ್ಬ ಟೀಚರ್‌ಗೆ ದೊಡ್ಡ ಶಾಲೆಯಲ್ಲಿ ಕೆಲಸ ಸಿಕ್ಕಿತು. ಒಬ್ಬ ಆಯಮ್ಮ ಮಗಳ ಬಾಣಂತನಕ್ಕೆ ಅಂತ ಕುಣಿಗಲ್‌ಗೆ ಹೋದರು. ಒಂದು ಗುರುವಾರ ಗ್ಯಾಸ್ ಸಿಲಿಂಡರ್ ಬಂತು. ಗೇಟು ಎರಡು ನಿಮಿಷ ತೆರೆದಿತ್ತು. ಹತ್ತು ವರ್ಷದ ಒಬ್ಬ ಹುಡುಗ ಕಾಣಲಿಲ್ಲ. ಮೈಸೂರು ರಸ್ತೆ ಅಲ್ಲೇ ಹತ್ತಿರ, ಲಾರಿಗಳು ಹೇಗೆ ಓಡುತ್ತವೆ ಅಂತ ನಿಮಗೇ ಗೊತ್ತು. ಇಪ್ಪತ್ತು ನಿಮಿಷ ನನ್ನ ಜೀವ ನನ್ನಲ್ಲಿರಲಿಲ್ಲ. ಕೊನೆಗೆ ಎರಡು ಬೀದಿ ಆಚೆಯ ಬೇಕರಿಯಲ್ಲಿ ಸಿಕ್ಕಿದ. ಗಾಜಿನ ಮೇಲೆ ಬೆರಳಿಟ್ಟು ದಿಲ್‌ಪಸಂದ್ ತೋರಿಸುತ್ತಾ ನಿಂತಿದ್ದ. ಶನಿವಾರ ಶನಿವಾರ ಬನ್ ತರಲು ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆವು. ಬೇಕರಿಯವರು ಗುರುತು ಹಿಡಿದು ಕೂರಿಸಿಕೊಂಡಿದ್ದರು. ಸಂಜೆ ಅವನ ಅಮ್ಮನಿಗೆ ನಾನೇ ಎಲ್ಲ ಹೇಳಿದೆ. ಮನೆಗೆ ಹೋಗುವಾಗ ಒಂದು ಲಾಂಗ್ ಬುಕ್ ತಗೊಂಡು ಹೋದೆ.

ಲಾಂಗ್ ಬುಕ್ಕಿನ ಲೆಕ್ಕ

ಇಲಾಖೆಯವರಿಗೆ ತೋರಿಸಲು ಅಡ್ಮಿಷನ್ ರಿಜಿಸ್ಟರ್ ಬೇರೆ, ಸ್ಟಾಫ್ ಹಾಜರಿ ಬೇರೆ ಇರಲೇಬೇಕು. ಲಾಂಗ್ ಬುಕ್ ನನ್ನ ಸ್ವಂತಕ್ಕೆ. ಎಡಪುಟದಲ್ಲಿ ಮಕ್ಕಳು, ಬಲಪುಟದಲ್ಲಿ ಕೈಗಳು, ಅಂದರೆ ಸಿಬ್ಬಂದಿ; ಒಬ್ಬರಿಗೆ ಒಂದು ಕೈ. ಎರಡೂ ಒಂದೇ ನೋಟಕ್ಕೆ ಕಾಣಬೇಕು.

ಪ್ರತಿ ಮಗುವಿನ ಹೆಸರಿನ ಮುಂದೆ ಒಂದು, ಅರ್ಧ, ಕಾಲು, ಇಷ್ಟರಲ್ಲಿ ಒಂದನ್ನು ಬರೆಯುತ್ತೇನೆ. ಊಟ ತಿನ್ನಿಸಬೇಕು, ಟಾಯ್ಲೆಟ್‌ಗೆ ಎತ್ತಿಕೊಂಡೇ ಹೋಗಬೇಕು, ಇಲ್ಲವೇ ಬಾಗಿಲು ಕಂಡರೆ ಓಡುತ್ತದೆ ಅಂದರೆ ಒಂದು ಪೂರ್ತಿ ಕೈ. ಹೇಳಿದರೆ ಕೂರುತ್ತದೆ, ಆದರೆ ಗಳಿಗೆಗೊಮ್ಮೆ ನೆನಪಿಸಬೇಕು, ಟಾಯ್ಲೆಟ್‌ಗೆ ಯಾರಾದರೂ ಜೊತೆಗೆ ಹೋಗಬೇಕು ಅಂದರೆ ಅರ್ಧ. ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ, ಕಲಿಸಲು ಮಾತ್ರ ಟೀಚರ್ ಬೇಕು ಅಂದರೆ ಕಾಲು. "ಕಾಲು ಕೈ" ಅಂತ ನಾನು ಅಂದಾಗಲೆಲ್ಲ ನಮ್ಮ ಟೀಚರ್‌ಗಳು ಈಗಲೂ ನಗುತ್ತಾರೆ. ನಗಲಿ.

ನಮ್ಮ 24 ಮಕ್ಕಳಲ್ಲಿ ನಾಲ್ವರು ಪೂರ್ತಿ, ಎಂಟು ಜನ ಅರ್ಧ, ಹನ್ನೆರಡು ಜನ ಕಾಲು. ನಾಲ್ಕು, ನಾಲ್ಕು, ಮೂರು. ಒಟ್ಟು 11 ಕೈ ಬೇಕು. ಬಲಪುಟದಲ್ಲಿ ಆರು ಸ್ಪೆಷಲ್ ಎಜುಕೇಟರ್‌ಗಳು, ನಾಲ್ವರು ಆಯಮ್ಮಂದಿರು, ದೊಡ್ಡ ಹುಡುಗರಿಗೆ ಒಬ್ಬ ಅಟೆಂಡರ್, ಆಮೇಲೆ ನಾನು. 12. ಇದರಲ್ಲಿ ಒಂದನ್ನು ಮೊದಲೇ ಹೊಡೆದು ಹಾಕಿ. ದಿನಾ ಯಾರಾದರೂ ಒಬ್ಬರಿಗೆ ಜ್ವರ, ಇಲ್ಲವೇ ಮದುವೆ, ಇಲ್ಲವೇ ಬ್ಯಾಂಕ್ ಕೆಲಸ. ಉಳಿದದ್ದು 11. ಅಂದರೆ ನಮ್ಮ ಶಾಲೆ ಭರ್ತಿ. ಮೇಲಿನ ಒಂದು ಕೋಣೆಯಲ್ಲಿ ಇನ್ನೂ ಆರು ಕುರ್ಚಿ ಖಾಲಿ ಇವೆ, ಅವನ್ನು ನಾನು ನೋಡಲು ಹೋಗುವುದಿಲ್ಲ. ಒ.ಟಿ. (ಆಕ್ಯುಪೇಷನಲ್ ಥೆರಪಿಸ್ಟ್), ಸ್ಪೀಚ್ ಥೆರಪಿಸ್ಟ್ ವಾರಕ್ಕೆ ಎರಡು ದಿನ ಬರುತ್ತಾರೆ. ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರು ಒಂದು ಮಗುವನ್ನು ಒಳಗೆ ಕರೆದುಕೊಂಡರೆ ಉಳಿದವರು ನಿಮ್ಮ ಕೈಯಲ್ಲೇ ಇರುತ್ತಾರೆ, ಅಲ್ವಾ?

ಒಂದು ಎಚ್ಚರಿಕೆ. ಸರ್ಕಾರದ ವಿಕಲಚೇತನರ ಕಾರ್ಡಿನಲ್ಲಿರುವ ಶೇಕಡಾವಾರು ನೋಡಿ ಕೈ ಲೆಕ್ಕ ಹಾಕಬೇಡಿ. 75 ಅಂತ ಬರೆದಿರುವ ನಮ್ಮ ಒಬ್ಬ ಹುಡುಗಿ ಕಾಲು ಕೈ. ತಟ್ಟೆ ತೊಳೆದು, ಬೇರೆಯವರ ತಟ್ಟೆಯನ್ನೂ ತೊಳೆದಿಡುತ್ತಾಳೆ. 45 ಅಂತಿರುವ ಹುಡುಗ ಪೂರ್ತಿ ಕೈ. ಅವನಿಗೆ ಕಾಂಪೌಂಡ್ ಏನೇನೂ ಅಲ್ಲ.

ಅಡ್ಮಿಷನ್: ಡಬ್ಬಿ ತೆರೆಯುವ ಹೊತ್ತಿಗೆ ಕರೆಯಿರಿ

ತಂದೆ ತಾಯಿ ಮೊದಲು ಬರುವಾಗ ದಪ್ಪ ಫೈಲ್ ತರುತ್ತಾರೆ. ನಿಮ್ಹಾನ್ಸ್ ಪೇಪರ್, ಇ.ಇ.ಜಿ., ಐ.ಕ್ಯೂ. ರಿಪೋರ್ಟ್, ಆಟಿಸಂ ಇದ್ದರೆ ಅದನ್ನು ಅಳೆಯುವ ಐ.ಎಸ್.ಎ.ಎ. ಪರೀಕ್ಷೆಯ ಅಂಕ. ಎಲ್ಲ ಓದಿ, ನಕಲು ಇಟ್ಟುಕೊಳ್ಳಿ. ಆದರೆ ಅವತ್ತೇ ಹೂಂ ಅನ್ನಬೇಡಿ. ಇನ್ನೊಂದು ದಿನ, ಮಗುವಿನ ಜೊತೆ, ಹತ್ತೂವರೆಗೆ, ಡಬ್ಬಿ ತಗೊಂಡು ಬನ್ನಿ ಅನ್ನಿ. ನಮ್ಮಲ್ಲಿ ಆಗ ತಿಂಡಿ ಹೊತ್ತು.

ಹೋದ ವರ್ಷ ಎಂಟು ವರ್ಷದ ಒಬ್ಬ ಹುಡುಗ ಬಂದ. ಮಾತಿಲ್ಲ. ರಿಪೋರ್ಟಿನಲ್ಲಿ ಎಲ್ಲ ಕಡೆ "ಇಲ್ಲ", "ಇಲ್ಲ" ಅಂತಲೇ ಇತ್ತು. ಚಾಪೆ ಮೇಲೆ ಕೂರಿಸಿದೆವು. ಸ್ಟೀಲ್ ಡಬ್ಬಿ, ಬಿಗಿ ಮುಚ್ಚಳ. ಎರಡು ಸಲ ಎಳೆದ, ಬರಲಿಲ್ಲ. ಅಮ್ಮ ಕೈ ಚಾಚಿದರು, ನಾನು ಬೇಡ ಅಂತ ಸನ್ನೆ ಮಾಡಿದೆ. ಅವನು ಸುತ್ತ ನೋಡಿದ. ಪಕ್ಕದಲ್ಲಿ ಕೂತಿದ್ದ ಆಯಮ್ಮನ ಮಣಿಕಟ್ಟು ಹಿಡಿದು, ಅವರ ಕೈಯನ್ನು ತಂದು ಮುಚ್ಚಳದ ಮೇಲೆ ಇಟ್ಟ. ಮುಖ ಕೂಡ ನೋಡಲಿಲ್ಲ. ಆದರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅಂತ ಅವನಿಗೆ ಗೊತ್ತಿತ್ತು! ನನ್ನ ಪುಸ್ತಕದಲ್ಲಿ ಅರ್ಧ ಅಂತ ಬರೆದೆ. ರಿಪೋರ್ಟ್ ಮಾತ್ರ ನೋಡಿದ್ದರೆ ಪೂರ್ತಿ ಅಂತ ಬರೆದು, ಸೀಟಿಲ್ಲ ಅಂತ ಕಳಿಸಿಬಿಡುತ್ತಿದ್ದೆ.

ತಿಂಡಿ ಹೊತ್ತಿನಲ್ಲಿ ಇನ್ನೂ ನೋಡಬೇಕಾದದ್ದಿದೆ. ಅಗಿದು ನುಂಗುತ್ತದೆಯೇ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆಯೇ? ಪಕ್ಕದ ಮಗು ಕಿರುಚಿದರೆ ಏನು ಮಾಡುತ್ತದೆ? ಒದ್ದೆಯಾದರೆ ಹೇಳುತ್ತದೆಯೇ? ತಂದೆ ತಾಯಿಯನ್ನು ಕೇಳಬೇಕಾದದ್ದೂ ನಾಲ್ಕಿವೆ: ಫಿಟ್ಸ್ ಯಾವಾಗ ಬಂದಿತ್ತು, ಮಾತ್ರೆ ಎಷ್ಟು ಗಂಟೆಗೆ, ರಾತ್ರಿ ನಿದ್ದೆ ಹೇಗೆ, ಕಚ್ಚುವುದು ತಲೆ ಚಚ್ಚಿಕೊಳ್ಳುವುದು ಇದೆಯೇ. ಕೊನೆಯದನ್ನು ಬಹಳ ಜನ ಮುಚ್ಚಿಡುತ್ತಾರೆ. ಸೀಟು ಸಿಗುವುದಿಲ್ಲ ಅನ್ನುವ ಹೆದರಿಕೆ. ತಪ್ಪೂ ಅಲ್ಲ, ಆಗಲೇ ನಾಲ್ಕು ಬಾಗಿಲು ತಟ್ಟಿ ಬಂದಿರುತ್ತಾರೆ. "ನಮ್ಮಲ್ಲೂ ಕಚ್ಚುವವರಿದ್ದಾರೆ, ಯಾವಾಗ ಕಚ್ಚುತ್ತಾನೆ ಅಂತ ಹೇಳಿ ಸಾಕು" ಅಂತ ನೀವೇ ಮೊದಲು ಅಂದುಬಿಡಿ. ಹೇಳುತ್ತಾರೆ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ. ಜನನ ಪ್ರಮಾಣಪತ್ರ, ಆಧಾರ್, ಹಿಂದಿನ ಶಾಲೆಯ ಟಿ.ಸಿ. ಇದ್ದರೆ ಅದು, ಔಷಧಿ ಚೀಟಿ, ಯು.ಡಿ.ಐ.ಡಿ. ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಕಾರ್ಡ್. ಕಾರ್ಡ್ ಇಲ್ಲ ಅಂತ ಮಗುವನ್ನು ಹೊರಗೆ ನಿಲ್ಲಿಸಬೇಡಿ. ಸೇರಿಸಿಕೊಂಡು ಆಮೇಲೆ ಮಾಡಿಸಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಆಸ್ಪತ್ರೆಯಲ್ಲಿ ತಪಾಸಣೆ ಆಗಬೇಕು. ವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆಗೆ ಬಿಳಿ ಪಟ್ಟಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಹೆಚ್ಚಿನ ಸವಲತ್ತುಗಳಿಗೆ ಕನಿಷ್ಠ 40 ಇರಬೇಕು. "ಕಾರ್ಡ್ ಮಾಡಿಸಿದರೆ ಹಣೆಯಲ್ಲಿ ಬರೆದ ಹಾಗೆ ಆಗಲ್ವಾ ಮೇಡಂ?" ಅಂತ ಅಜ್ಜ ಅಜ್ಜಿಯರು ಕೇಳುತ್ತಾರೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಅದರಲ್ಲಿ ಥೆರಪಿ ಖರ್ಚೂ ಸೇರುತ್ತದೆ ಅಂತ ವಿವರಿಸಿದ ಮೇಲೆ ಸ್ವಲ್ಪ ಮೆತ್ತಗಾಗುತ್ತಾರೆ.

ನಿಮ್ಮ ಶಾಲೆಯ ಕಾಗದವೂ ಸರಿ ಇರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ನೋಂದಣಿ ಪತ್ರ ಇಲ್ಲದೆ ಇಂಥ ಸಂಸ್ಥೆ ನಡೆಸುವ ಹಾಗಿಲ್ಲ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಬೋರ್ಡ್ ಬರೆಸುವ ಮೊದಲೇ ಹೋಗಿ.

ಸೇರಿಸಿಕೊಂಡ ಮೇಲೆ ಮೊದಲ ಎರಡು ವಾರ ದಿನಕ್ಕೆ ಒಂದೇ ಗಂಟೆ. ಅಮ್ಮ ಗೇಟಿನ ಒಳಗೆ ಸಂಪಿಗೆ ಮರದ ಕೆಳಗಿನ ಬೆಂಚಿನಲ್ಲಿ. ಮೂರನೇ ವಾರದಿಂದ ಅರ್ಧ ದಿನ. ಆಮೇಲೆ ಪೂರ್ತಿ. ಒಂದೇ ವಾರದಲ್ಲಿ ಇಬ್ಬರು ಹೊಸ ಮಕ್ಕಳು ಬೇಡ. ತಿಂಗಳ ಕೊನೆಗೆ ಮಗುವಿಗೆ ಏನೇನು ಬರುತ್ತದೆ ಅಂತ ನೋಡುವ ಎಫ್.ಎ.ಸಿ.ಪಿ. ಚೆಕ್‌ಲಿಸ್ಟ್ ಹಾಕಿ, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಐ.ಇ.ಪಿ., ಅಂದರೆ ಆ ಮಗುವಿಗೇ ಅಂತ ಮಾಡುವ ಕಲಿಕೆಯ ಯೋಜನೆ, ಬರೆಯಿರಿ. ಮೂರೇ ಗುರಿ ಸಾಕು. ಹದಿನೈದು ಗುರಿ ಬರೆದ ಐ.ಇ.ಪಿ.ಗಳನ್ನು ನೋಡಿದ್ದೇನೆ, ಯಾರೂ ಎರಡನೇ ಸಲ ತೆರೆದಿರುವುದಿಲ್ಲ.

ಇಲ್ಲ ಅನ್ನುವುದೂ ಅಡ್ಮಿಷನ್ನಿನ ಕೆಲಸವೇ. "ಜಾಗ ಇಲ್ಲ" ಅಂತ ಫೋನ್ ಇಡಬೇಡಿ. "ಈಗ ನಮ್ಮಲ್ಲಿ ಪೂರ್ತಿ ಕೈ ಖಾಲಿ ಇಲ್ಲ" ಅಂತ ನಿಜ ಹೇಳಿ, ಇನ್ನೆರಡು ಶಾಲೆಯ ನಂಬರ್ ಕೊಡಿ. ನನ್ನ ವೇಟಿಂಗ್ ಲಿಸ್ಟ್ ತಾರೀಖಿನ ಪ್ರಕಾರ ಮಾತ್ರ ಓಡುವುದಿಲ್ಲ. ಕಾಲು ಕೈ ಖಾಲಿಯಾದರೆ ಕಾಲು ಕೈಯ ಮಗುವಿಗೇ ಫೋನ್. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿರುತ್ತೇನೆ. ಇಲ್ಲದಿದ್ದರೆ ದುಡ್ಡು ತಗೊಂಡು ಒಳಗೆ ಬಿಟ್ಟರು ಅನ್ನುತ್ತಾರೆ.

ದಸರಾ ರಜೆ ಮುಗಿದ ಮೇಲೆ ಬರುವವರು

ಸಾಮಾನ್ಯ ಶಾಲೆಗಳಿಗೆ ಅಡ್ಮಿಷನ್ ಜೂನ್‌ಗೆ ಮುಗಿಯುತ್ತದೆ. ನಮಗೆ ಹಾಗಲ್ಲ. ಅರ್ಧವಾರ್ಷಿಕ ಪರೀಕ್ಷೆ ಆಗುತ್ತದೆ, ಪೇರೆಂಟ್ಸ್ ಮೀಟಿಂಗ್ ಆಗುತ್ತದೆ, "ನಿಮ್ಮ ಮಗುವಿಗೆ ಬೇರೆ ಕಡೆ ಚೆನ್ನಾಗಿರುತ್ತೆ" ಅಂತ ಯಾರೋ ಮೆತ್ತಗೆ ಹೇಳಿ ಕಳಿಸುತ್ತಾರೆ. ಕಾನೂನು ಹಾಗೆ ಕಳಿಸಲು ಬಿಡುವುದಿಲ್ಲ, ಆದರೂ ಕಳಿಸುತ್ತಾರೆ. ಅಕ್ಟೋಬರ್ ಕೊನೆಯಿಂದ ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಆಗ ಬರುವ ಮಕ್ಕಳು ಹೆದರಿ, ಬೈಸಿಕೊಂಡು ಬಂದಿರುತ್ತಾರೆ. ಕಾಲು ಕೈ ಆಗಬೇಕಾದ ಮಗು ಮೊದಲ ಮೂರು ತಿಂಗಳು ಅರ್ಧ ಕೈ ಕೇಳುತ್ತದೆ. ಹಾಗಾಗಿ ಜೂನ್‌ನಲ್ಲಿ ಪೂರ್ತಿ ಭರ್ತಿ ಮಾಡಬೇಡಿ. ಒಂದು ಕೈಯಷ್ಟು ಜಾಗ ದಸರಾವರೆಗೆ ಇಟ್ಟುಕೊಳ್ಳಿ. ಖಜಾಂಚಿ ಗೊಣಗುತ್ತಾರೆ. ಗೊಣಗಲಿ ಬಿಡಿ.

ಬಲಪುಟ

ಸ್ಪೆಷಲ್ ಎಜುಕೇಟರ್ ಅಂತ ತಗೊಳ್ಳುವವರ ಬಳಿ ಆರ್.ಸಿ.ಐ. (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ, ಅಂದರೆ ಸಿ.ಆರ್.ಆರ್. ನಂಬರ್ ಇರಲೇಬೇಕು. 1992ರ ಆರ್.ಸಿ.ಐ. ಕಾಯ್ದೆ ಪ್ರಕಾರ ಅದಿಲ್ಲದೆ ಈ ಕೆಲಸ ಮಾಡುವುದು ಶಿಕ್ಷೆಗೆ ಗುರಿಯಾಗುವ ತಪ್ಪು. ಸರ್ಟಿಫಿಕೇಟಿನ ಮೇಲಿನ ಅವಧಿ ಮುಗಿದಿದೆಯೇ ಅಂತಲೂ ನೋಡಿ. ಬೌದ್ಧಿಕ ನ್ಯೂನತೆಯಲ್ಲಿ ಡಿ.ಎಡ್. ಸ್ಪೆಷಲ್ ಮಾಡಿದವರು ನಮ್ಮಂಥ ಶಾಲೆಗೆ ಚೆನ್ನಾಗಿ ಹೊಂದುತ್ತಾರೆ. ಬಿ.ಎಡ್. ಸ್ಪೆಷಲ್ ಮಾಡಿದವರು ಸಿಕ್ಕರೆ ಸಂತೋಷ, ಆದರೆ ಅವರು ನಿಲ್ಲುವುದು ಕಷ್ಟ. ಸಾಮಾನ್ಯ ಶಾಲೆಗಳಲ್ಲೂ ಸ್ಪೆಷಲ್ ಟೀಚರ್ ಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು; ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಅಂತ 2022ರಲ್ಲಿ ಕೇಂದ್ರ ಸರ್ಕಾರ ಗೊತ್ತು ಮಾಡಿತು. ಒಳ್ಳೆಯದೇ. ಆದರೆ ನಾವು ಮೂರು ವರ್ಷ ಪಳಗಿಸಿದವರನ್ನು ದೊಡ್ಡ ಶಾಲೆ ಒಂದೇ ದಿನದಲ್ಲಿ ಕರೆದುಕೊಂಡು ಹೋಗುತ್ತದೆ. ಆ ಸಂಬಳ ನಮ್ಮಿಂದ ಆಗದು.

ಇಂಟರ್‌ವ್ಯೂ ನನ್ನ ಕೋಣೆಯಲ್ಲಿ ಹತ್ತೇ ನಿಮಿಷ. ಆಮೇಲೆ ಅರ್ಧ ದಿನ ಕ್ಲಾಸಿನಲ್ಲಿ. ಆ ಅರ್ಧ ದಿನಕ್ಕೂ ದುಡ್ಡು ಕೊಡಿ, ಪುಕ್ಕಟೆ ದುಡಿಸಬೇಡಿ. ನೆಲದ ಮೇಲೆ ಕೂರುತ್ತಾರೆಯೇ? ಮಗುವಿನ ಜೊತೆ ಮಾತಾಡುತ್ತಾರೆಯೇ, ಮಗುವಿನ ಬಗ್ಗೆ ನನ್ನ ಜೊತೆ ಮಾತಾಡುತ್ತಾರೆಯೇ? ಜೊಲ್ಲು ಸೆರಗಿಗೆ ಬಿದ್ದಾಗ ಮುಖ ಹೇಗಾಗುತ್ತದೆ?

ರಾಮನಗರದ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಆಗಷ್ಟೇ ಕೋರ್ಸ್ ಮುಗಿಸಿದವಳು, ನನ್ನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಲೂ ಇಲ್ಲ. ಕ್ಲಾಸಿನಲ್ಲಿ ಒಬ್ಬ ಹುಡುಗ ಡಬ್ಬಿ ಮುಚ್ಚಳ ತಿರುಗಿಸುತ್ತಾ ಕೂತಿದ್ದ. ಅವನ ಕೈಯಿಂದ ಅದನ್ನು ಕಿತ್ತುಕೊಳ್ಳಲು ಎಲ್ಲರೂ ನೋಡುತ್ತಾರೆ. ಇವಳು ಒಂದು ಗಂಟೆ ಸುಮ್ನೆ ಪಕ್ಕದಲ್ಲಿ ಕೂತಳು. ಇವಳಿಂದ ಆಗಲ್ಲ ಅಂದುಕೊಂಡೆ. ಆಮೇಲೆ ತನ್ನ ಬ್ಯಾಗಿನಿಂದ ಡಬ್ಬಿ ತೆಗೆದು, ತನ್ನ ಮುಚ್ಚಳವನ್ನೂ ತಿರುಗಿಸಿ ಬಿಟ್ಟಳು. ಅದು ಟಣಟಣ ಅಂತ ಸುತ್ತಿ ಬಿತ್ತು. ಹುಡುಗ ತನ್ನದನ್ನು ನಿಲ್ಲಿಸಿ, ಅವಳದನ್ನು ನೋಡಿದ. ಎತ್ತಿ ಅವಳ ಕೈಗೇ ಕೊಟ್ಟ, ಇನ್ನೊಂದು ಸಲ ಅಂತ. ಮಧ್ಯಾಹ್ನವೇ ಕೆಲಸಕ್ಕೆ ಬಾ ಅಂದೆ. ಈಗ ಐದು ವರ್ಷವಾಯಿತು, ಬೆಳಗಿನ ರೈಲಿಗೆ ಕೆಂಗೇರಿಗೆ ಬಂದಿಳಿಯುತ್ತಾಳೆ. ನಮಗೆ ಇದೊಂದು ಅನುಕೂಲ. ಬಿಡದಿ, ರಾಮನಗರದಿಂದ ಬರುವವರಿಗೆ ಕೆಂಗೇರಿ ಹತ್ತಿರ, ಊರೊಳಗಿನ ಶಾಲೆಗಳು ದೂರ. ನಿಮ್ಮ ಶಾಲೆಗೆ ಯಾವ ರೈಲು, ಯಾವ ಬಸ್ಸು ಹತ್ತಿರ ಅಂತ ನೋಡಿ, ಆ ದಾರಿಯ ಊರುಗಳಲ್ಲಿ ಟೀಚರ್ ಹುಡುಕಿ.

ಆಯಮ್ಮಂದಿರ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಗುಡಿಸಿ ಒರೆಸುವವರನ್ನೇ ಆಯಮ್ಮ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ಹನ್ನೊಂದು ಗಂಟೆಗೆ ಅವರು ನೆಲ ಒರೆಸುತ್ತಿದ್ದರೆ ಆ ಕೈ ನಿಮ್ಮದಲ್ಲ. ಗುಡಿಸುವ ಕೆಲಸಕ್ಕೆ ಬೆಳಿಗ್ಗೆ ಬೇರೆಯವರನ್ನು ಇಡಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನೂ ತುರುಕದೆ ಗಡಿಯಾರ ನೋಡುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡುವುದು, ಇದನ್ನು ಟೀಚರ್‌ಗಿಂತ ಮೊದಲು ಆಯಮ್ಮನಿಗೆ ಕಲಿಸಿ. ಐ.ಇ.ಪಿ. ಮೀಟಿಂಗಿನಲ್ಲೂ ಕೂರಿಸಿ. ನಮ್ಮ ಹಿರಿಯ ಆಯಮ್ಮ ಓದಿದ್ದು ಐದನೇ ಕ್ಲಾಸು. ಯಾವ ಮಗು ಯಾವಾಗ ಒದ್ದೆ ಮಾಡುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ.

ಹುಡುಗರು ಹದಿಮೂರು ಹದಿನಾಲ್ಕು ದಾಟಿದ ಮೇಲೆ ಗಂಡಸು ಅಟೆಂಡರ್ ಬೇಕೇ ಬೇಕು. ಹದಿನೈದು ವರ್ಷದ ಹುಡುಗನನ್ನು ಟಾಯ್ಲೆಟ್‌ಗೆ ಆಯಮ್ಮ ಕರೆದುಕೊಂಡು ಹೋಗುವುದು ಅವನಿಗೂ ಮುಜುಗರ, ಅವರಿಗೂ ಭಾರ. ಇಂಥವರು ಸಿಗುವುದು ಬಹಳ ಕಷ್ಟ. ನಮಗೆ ಏಳು ತಿಂಗಳು ಹಿಡಿಯಿತು. ಅಷ್ಟು ದಿನ ದೊಡ್ಡ ಹುಡುಗರ ಅಡ್ಮಿಷನ್ ನಿಲ್ಲಿಸಿದ್ದೆ. ಗಂಡಸಾಗಲಿ ಹೆಂಗಸಾಗಲಿ, ಡ್ರೈವರ್ ಆಗಲಿ, ಪೊಲೀಸ್ ವೆರಿಫಿಕೇಷನ್ ಇಲ್ಲದೆ ಒಂದು ದಿನವೂ ಕೆಲಸಕ್ಕೆ ಬೇಡ. ಏನಾದರೂ ಆದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ನಮ್ಮೊಳಗೇ ಮುಗಿಸಿಕೊಳ್ಳೋಣ ಅನ್ನುವ ಮಾತಿಲ್ಲ ಅಂತ ಸೇರುವ ದಿನವೇ ಹೇಳಿ ಸಹಿ ಹಾಕಿಸಿಕೊಳ್ಳಿ.

ಸಂಬಳ, ಮತ್ತು ಮೇ ತಿಂಗಳು

ನಮ್ಮಲ್ಲಿ ಬರುವ ಫೀಸಿನಲ್ಲಿ ಮೂರರಲ್ಲಿ ಎರಡು ಪಾಲು ಸಂಬಳಕ್ಕೇ ಹೋಗುತ್ತದೆ. ಬಾಡಿಗೆ ಆಮೇಲೆ. ಹತ್ತು ಜನ ಸಿಬ್ಬಂದಿ ಆದರೆ ಇ.ಎಸ್.ಐ. ವಿಮೆ ಮಾಡಿಸಿ. ಆಯಮ್ಮಂದಿರಿಗೆ ಇದರಷ್ಟು ಉಪಯೋಗ ಇನ್ನೊಂದಿಲ್ಲ. ಏಳನೇ ತಾರೀಖಿನ ಒಳಗೆ ಸಂಬಳ ಕೈಗೆ ಹೋಗಲೇಬೇಕು. ಅದಕ್ಕೆ ಮೂರು ತಿಂಗಳ ಸಂಬಳದಷ್ಟು ದುಡ್ಡು ಬ್ಯಾಂಕಿನಲ್ಲಿ ಮುಟ್ಟದೆ ಇಡಿ. ಸರ್ಕಾರದ ಶಿಶು ಕೇಂದ್ರಿತ ಯೋಜನೆಯ ಅನುದಾನಕ್ಕೆ ಅರ್ಜಿ ಹಾಕುವುದಾದರೆ ಹಾಕಿ. ಆದರೆ ಬರಬೇಕಾದ ದುಡ್ಡನ್ನು ಬಂದಿರುವ ದುಡ್ಡು ಅಂತ ಬರೆದುಕೊಳ್ಳಬೇಡಿ.

ಟೀಚರ್‌ಗಳು ಕೆಲಸ ಬಿಡುವುದು ಮೇ ತಿಂಗಳಲ್ಲಿ. ಬೇಸಿಗೆ ರಜೆ, ತಂದೆ ತಾಯಿ ಫೀಸು ಕೊಡುವುದಿಲ್ಲ, ಶಾಲೆ ಸಂಬಳ ಕೊಡುವುದಿಲ್ಲ, ಟೀಚರ್ ಬೇರೆ ಕಡೆ ನೋಡುತ್ತಾರೆ. ನಾವು ವರ್ಷದ ಫೀಸನ್ನು ಹನ್ನೆರಡು ಕಂತು ಮಾಡಿದೆವು. ತಿಂಗಳ ಫೀಸು ಸ್ವಲ್ಪ ಇಳಿಯಿತು, ಮೇ ತಿಂಗಳಿಗೂ ಬಂತು. ಇಬ್ಬರು ತಂದೆಯರು ಜಗಳ ಮಾಡಿದರು. "ಜೂನ್‌ನಲ್ಲಿ ನಿಮ್ಮ ಮಗನಿಗೆ ಅದೇ ಮಿಸ್ ಬೇಕಾ, ಹೊಸಬರಾ?" ಅಂತ ಕೇಳಿದೆ. ಕೊಟ್ಟರು.

ದುಡ್ಡು ಬಿಟ್ಟರೆ ಜನ ನಿಲ್ಲುವುದು ಸಣ್ಣ ಸಣ್ಣ ವಿಷಯಕ್ಕೆ. ಸಿ.ಆರ್.ಆರ್. ನವೀಕರಣಕ್ಕೆ ಸಿ.ಆರ್.ಇ. ಅನ್ನುವ ಮುಂದುವರಿದ ತರಬೇತಿಯ ಅಂಕ ಬೇಕಾಗುತ್ತದೆ, ಆ ತರಬೇತಿಯ ಫೀಸು ಶಾಲೆಯದು, ಆ ದಿನ ರಜೆ ಅಲ್ಲ. ರೈಲು ತಡವಾದರೆ ಬೈಗುಳ ಇಲ್ಲ. ಮಗು ಕಚ್ಚಿದ ಮೇಲೆ ಆ ಟೀಚರ್ ಹೊರಗೆ ಬಂದು ಹತ್ತು ನಿಮಿಷ ಕಾಫಿ ಕುಡಿಯಲೇಬೇಕು. ಅಷ್ಟು ಹೊತ್ತು ಕ್ಲಾಸಿಗೆ ನಾನು. ಬಲಪುಟದಲ್ಲಿ ನನ್ನ ಹೆಸರು ಇರುವುದು ಅದಕ್ಕೇ.

ಪುಸ್ತಕವನ್ನು ಪ್ರತಿ ತಿಂಗಳ ಕೊನೆಯ ಶನಿವಾರ ಎಲ್ಲರೂ ಕೂತು ತಿದ್ದುತ್ತೇವೆ. ಪೆನ್ಸಿಲ್‌ನಲ್ಲೇ ಬರೆಯಿರಿ, ಅಳಿಸುವುದು ಜಾಸ್ತಿ ಇರುತ್ತದೆ. ಫಿಟ್ಸ್ ಹೆಚ್ಚಾಗಿ ಕಾಲು ಇದ್ದವರು ಅರ್ಧಕ್ಕೆ ಏರುತ್ತಾರೆ. ಹದಿನೆಂಟು ತುಂಬುವವರ ಹೆಸರಿಗೆ ಎರಡು ವರ್ಷ ಮೊದಲೇ ಗೆರೆ ಎಳೆಯುತ್ತೇನೆ. ಅವರಿಗೆ ಮುಂದೆ ಕೆಲಸ ಕಲಿಯುವ ಜಾಗ ನೋಡಬೇಕು, ನ್ಯಾಷನಲ್ ಟ್ರಸ್ಟ್ ಮೂಲಕ ಪೋಷಕತ್ವದ ಪತ್ರ ಮಾಡಿಸಬೇಕು.

ಹೋದ ಶನಿವಾರ ಹಿರಿಯ ಆಯಮ್ಮ ಒಬ್ಬ ಹುಡುಗಿಯ ಹೆಸರಿನ ಮೇಲೆ ಬೆರಳಿಟ್ಟರು. "ಮೇಡಂ, ಇವಳು ಹದಿನೈದು ದಿನದಿಂದ ತಾನೇ ಹೋಗಿ, ತಾನೇ ನೀರು ಹಾಕಿ, ಕೈ ತೊಳ್ಕೊಂಡು ಬರ್ತಾವ್ಳೆ. ನಾನು ಬಾಗಿಲಲ್ಲಿ ನಿಂತಿರ್ತೀನಿ ಅಷ್ಟೇ." ಬಾಗಿಲಲ್ಲೂ ನಿಲ್ಲಬೇಡಿ, ಇನ್ನೊಂದು ವಾರ ದೂರದಿಂದ ನೋಡಿ ಅಂದೆ. ನಿನ್ನೆ ಆ ವಾರ ಮುಗಿಯಿತು. ಅರ್ಧವನ್ನು ಅಳಿಸಿ ಕಾಲು ಅಂತ ಬರೆದೆ. ಸಂಜೆ ಇಲ್ಲೇ ಹತ್ತಿರದ ಉಳ್ಳಾಲದ ಕಡೆಯ ಒಬ್ಬ ತಾಯಿಗೆ ಫೋನ್ ಮಾಡಿದೆ. ಮಾರ್ಚ್‌ನಿಂದ ಕಾಯುತ್ತಿದ್ದರು. ಬುಧವಾರ ಹತ್ತೂವರೆಗೆ ಡಬ್ಬಿ ತಗೊಂಡು ಬರಲು ಹೇಳಿದ್ದೇನೆ.